ನಲವತ್ತೊಂದನೆಯ ಬಟ್ಟೆ

ನಮ್ಮ ಮನೆಯಲ್ಲಿ ಯಾರನ್ನಾದರೂ ಒಂದೇ ಸಲ ಕರೆದರೆ ಅದು ಕರೆದ ಹಾಗೇ ಅಲ್ಲ. ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಒಟ್ಟಿಗೆ ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಕೆಮ್ಮು ಕೂಡ ಕೇಳುವುದಿಲ್ಲ. ಮೂರು ಸಲ ಕೂಗಬೇಕು, ನಾಲ್ಕನೆಯದಕ್ಕೆ ಎದ್ದು ಹೋಗಿ ಭುಜ ತಟ್ಟಬೇಕು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲ ಮನೆಯೂ ಹೀಗೇ. ಹೊಸದಾಗಿ ಬಂದ ಸೊಸೆಯಂದಿರು ಮೊದಲ ತಿಂಗಳು ತಲೆನೋವು ಎಂದು ಅಳುತ್ತಾರೆ. ಆಮೇಲೆ ತವರಿಗೆ ಹೋದರೆ, ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದು ಎರಡೇ ದಿನಕ್ಕೆ ವಾಪಸು ಬರುತ್ತಾರೆ.

ಆದ್ದರಿಂದ ಆ ಕಾರ್ತಿಕ ಸೋಮವಾರ ಸಂಜೆ ಐದೂವರೆಗೆ, ಆರೂ ಮಗ್ಗ ಓಡುತ್ತಿರುವಾಗ, ನನ್ನ ಎಂಟು ವರ್ಷದ ಮೊಮ್ಮಗಳು ಸಿಂಚನ ತಟ್ಟೆಯ ಮುಂದಿನಿಂದ ತಲೆಯೆತ್ತಿ "ಹಾ, ಬಂದೆ" ಎಂದು ಎದ್ದು ನಿಂತದ್ದು ನನಗೆ ಆಗಲೇ ವಿಚಿತ್ರ ಅನ್ನಿಸಬೇಕಿತ್ತು. ಅವಳನ್ನು ಯಾರೂ ಕರೆದಿರಲಿಲ್ಲ. ಕರೆದಿದ್ದರೂ ಒಂದೇ ಸಲಕ್ಕೆ ಕೇಳುತ್ತಿರಲಿಲ್ಲ. ಆದರೆ ನಾನು ಬೈದೆ. ಬೈಯುವುದು ನನಗೆ ಮೊದಲು ಬರುತ್ತದೆ, ಯೋಚನೆ ಆಮೇಲೆ.

"ತಿನ್ನೋವಾಗ ಎದ್ದು ಎಲ್ಲಿಗೇ ಹೋಗ್ತೀಯ? ಕೂತ್ಕೊ."

"ಅಜ್ಜಿ, ಅಲ್ಲಿ ನನ್ ಹೆಸರು ಕೂಗಿದ್ರು."

"ನಿಮ್ಮಪ್ಪನಿಗೆ ಲಾಳಿ ಬಿಟ್ರೆ ಬೇರೆ ಪ್ರಪಂಚ ಇಲ್ಲ, ನಿಮ್ಮಮ್ಮ ಅಂಗಡಿಗೆ ಹೋಗವ್ಳೆ. ಯಾರೇ ಕೂಗ್ತಾರೆ ನಿನ್ನ?"

ಅವಳು ಕೂತಳು. ತಟ್ಟೆ ಎತ್ತುವಾಗ ನೋಡಿದರೆ ಅವಳ ಪಾದದ ಕೆಳಗೆ ನೆಲ ಒದ್ದೆಯಾಗಿತ್ತು, ಮೀನಿನ ವಾಸನೆ ಬರುತ್ತಿತ್ತು. ಕಾರ್ತಿಕ ಸೋಮವಾರ ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ತರುವುದಿಲ್ಲ. ಸೊಸೆ ಅನಿತ ಬಂದ ಮೇಲೆ ಅವಳಿಗೂ ಬೈದೆ.

ಇದಕ್ಕೆಲ್ಲ ಮೂಲ ಆ ಬಂದರಿನ ಊರಿನ ಆರ್ಡರು. ತಂದವನು ನನ್ನ ತಂಗಿಯ ಮಗ ರಾಜೇಂದ್ರ. ನಮ್ಮ ಬೀದಿಯ ಅರ್ಧ ಮಗ್ಗಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆದುಕೊಡುವವನು ಅವನೇ. ಶ್ರಾವಣದಲ್ಲಿ ಒಂದು ದಿನ ಮೊಬೈಲ್ ಹಿಡಿದುಕೊಂಡು ಬಂದು ಫೋಟೊ ತೋರಿಸಿದ. ಉತ್ತರದ ಸಮುದ್ರದಲ್ಲಿ ಎಲ್ಲೋ ಒಂದು ದ್ವೀಪ, ಆ ದ್ವೀಪಕ್ಕೆಲ್ಲ ಒಂದೇ ಊರು. ಊರಿನ ಹೆಸರನ್ನು ಮೂರು ಸಲ ಹೇಳಿಕೊಟ್ಟ, ನನ್ನ ನಾಲಿಗೆ ತಿರುಗಲಿಲ್ಲ. ನಾನು ಬಂದರೂರು ಎಂದೇ ಕರೆದೆ. ನೀರಿನೊಳಕ್ಕೆ ಚಾಚಿದ ಉದ್ದನೆಯ ಕಲ್ಲುಕಟ್ಟೆ, ಬೂದು ಬಣ್ಣದ ಮನೆಗಳು, ಅಟ್ಟಿಯಾಗಿ ಪೇರಿಸಿದ ಮೀನಿನ ಪೆಟ್ಟಿಗೆಗಳು, ಗಡಿಯಾರವಿರುವ ಪುರಸಭೆ. ದಿನವೂ ಮೀನಿನ ಹರಾಜಂತೆ, ವಾರಕ್ಕೆ ಎರಡು ಸಲ ದೊಡ್ಡ ಹಡಗು ಬಂದು ಮೀನು, ಉಣ್ಣೆ ತುಂಬಿಕೊಂಡು ಹೋಗುತ್ತದಂತೆ.

"ಒಂದು ಮರ ಇಲ್ವಲ್ಲೋ ಊರಲ್ಲಿ" ಎಂದೆ.

"ಗಾಳಿಗೆ ನಿಲ್ಲಲ್ವಂತೆ ದೊಡ್ಡಮ್ಮ."

ಆ ಊರಿನಲ್ಲಿ ಸಮುದ್ರಕ್ಕೆ ಹೋಗಿ ಹೆಣವೂ ಸಿಗದ ಜನ ನಲವತ್ತು. ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಟ್ಟೆ. ಹೆಸರನ್ನು ಬಟ್ಟೆಯಲ್ಲೇ ನೇಯ್ದಿರಬೇಕು. ವರ್ಷಕ್ಕೊಮ್ಮೆ ಚಳಿಗಾಲದ ಮೊದಲಲ್ಲಿ ಆ ಬಟ್ಟೆಗಳನ್ನು ಕಟ್ಟೆಯ ಕಂಬಿಗೆ ಸಾಲಾಗಿ ಹಾಕುತ್ತಾರೆ. ನಡುಹಗಲು ಹನ್ನೆರಡಕ್ಕೆ ಪುರಸಭೆಯ ಗುಮಾಸ್ತೆ ಕಟ್ಟೆಯ ತುದಿಯಲ್ಲಿ ನಿಂತು ಒಂದೊಂದೇ ಹೆಸರು ಕೂಗಿ, ಸ್ವಲ್ಪ ಹೊತ್ತು ಕಾಯುತ್ತಾಳೆ. ಯಾರೂ ಓಗೊಡುವುದಿಲ್ಲ. ಬಟ್ಟೆ ಮಡಚಿ ಬೀರುವಿಗೆ ಇಡುತ್ತಾರೆ. ಹಳೆಯ ಬಟ್ಟೆಗಳು ತೇವಕ್ಕೆ ಕೊಳೆತು ಹೋಗಿದ್ದವು, ಊರಿನಲ್ಲಿದ್ದ ಕೊನೆಯ ನೇಕಾರಳೂ ಸತ್ತಿದ್ದಳು. ಅದಕ್ಕೇ ನಮ್ಮವರೆಗೆ ಬಂದಿತ್ತು.

"ತಿಥಿ ಇದ್ದ ಹಾಗೆ ಅನ್ನು" ಎಂದೆ.

"ಹಾಗೇ ಅಂದ್ಕೊ ದೊಡ್ಡಮ್ಮ."

ಹಾಗಲ್ಲ ಅಂತ ಆಮೇಲೆ ಗೊತ್ತಾಯಿತು. ನಾವು ಎಡೆ ಇಟ್ಟು, ಉಣ್ಣಿಸಿ, ಹೋಗಿಬನ್ನಿ ಎಂದು ಕಳಿಸಿಬಿಡುತ್ತೇವೆ. ಅವರು ಕರೆದು ಕಾಯುತ್ತಾರೆ.

ಬೂದು ಹತ್ತಿ ಬಟ್ಟೆ, ನೀಲಿ ಅಂಚು, ಒಂದು ತುದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. ನನ್ನ ಮಗ ರವಿಶಂಕರ್ ಒಂದೇ ಮಗ್ಗದಲ್ಲಿ ನಲವತ್ತನ್ನೂ ಮುಗಿಸಿದ. ಮುಗಿದ ದಿನ ಮಗ್ಗ ನಿಲ್ಲಿಸಲು ಹೋದಾಗ ನಾನು ತಡೆದೆ.

"ನಲವತ್ತಕ್ಕೆ ನಿಲ್ಲಿಸ್ಬಾರ್ದು ಕಣೋ. ಮೇಲೊಂದು ಹಾಕು."

"ಅವ್ರು ಕೇಳಿರೋದೇ ನಲವತ್ತು ಅಮ್ಮ."

"ಸೊನ್ನೆಗೆ ನಿಲ್ಲಿಸಿ ಯಾರಿಗಾದ್ರೂ ಬಟ್ಟೆ ಕೊಟ್ಟಿದೀವೇನೋ ನಾವು? ಹತ್ತು ಸೀರೆ ಅಂದ್ರೆ ಹನ್ನೊಂದು ಕೊಡ್ತೀವಿ. ನಿಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಿಡೋರು."

ರವಿ ನನ್ನ ಜೊತೆ ವಾದ ಮಾಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ರಾಜೇಂದ್ರ ಮಾತ್ರ ಕೇಳಿದ, ಅದಕ್ಕೆ ಯಾವ ಹೆಸರು ಹಾಕಲಿ, ಹೆಸರಿಲ್ಲದಿದ್ದರೆ ಡಿಫೆಕ್ಟ್ ಪೀಸ್ ಅಂದುಕೊಳ್ಳುತ್ತಾರೆ ಎಂದು. ಸಿಂಚನ ನೂಲಿನ ಚೀಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. "ನಂದು ಹಾಕಿ ಚಿಕ್ಕಪ್ಪ" ಎಂದಳು. ಅನಿತ ಬೇಡ ಎಂದಳು, ಸತ್ತವರ ಬಟ್ಟೆಗೆ ಮಗು ಹೆಸರು ಯಾಕೆ ಎಂದಳು. ಅದು ದೂರದ ಊರು, ಅವರಿಗೇನು ಅರ್ಥವಾಗುತ್ತದೆ, ಮಗು ಆಸೆ ಪಡುತ್ತಿದೆ, ಹಾಕೋ ಎಂದವಳು ನಾನು. ಬೇರೆ ಯಾರ ಮೇಲೂ ಇದನ್ನು ಹೊರಿಸುವ ಹಾಗಿಲ್ಲ.

ಆ ಸೋಮವಾರದ ಮಾರನೆಯ ದಿನ, ಅದೇ ಐದೂವರೆಗೆ, ಸಿಂಚನ ಮತ್ತೆ "ಬಂದೆ" ಎಂದಳು. ನಾನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ತಲೆಯೆತ್ತುವುದರೊಳಗೆ ಬಾಗಿಲು ದಾಟಿದ್ದಳು. ಬುಧವಾರ ಬೀದಿಯ ತುದಿಗೆ ಹೋಗಿದ್ದಳು. ಗುರುವಾರ ರವಿ ಅವಳನ್ನು ಗೌರಿಬಿದನೂರು ರಸ್ತೆಯಿಂದ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅಷ್ಟು ಹೊತ್ತಿನಲ್ಲಿ ಎಂಟು ವರ್ಷದ ಮಗು ಅಷ್ಟು ದೂರ ಓಡಿದರೂ ಮುಟ್ಟುವ ಹಾಗಿರಲಿಲ್ಲ. ಮೊಣಕಾಲಿನವರೆಗೆ ಒದ್ದೆಯಾಗಿದ್ದಳು. ನಮ್ಮ ಕಡೆ ಹದಿನೈದು ದಿನದಿಂದ ಮಳೆಯಿಲ್ಲ. ಅವಳ ಲಂಗದ ಅಂಚನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪು.

"ಎಲ್ಲಿಗೆ ಹೋಗಿದ್ದೆ ಕಂದ?"

"ಕಲ್ಲಿನ ದಾರಿ ಅಜ್ಜಿ. ಎರಡೂ ಕಡೆ ನೀರು. ಎಲ್ರೂ ಸಾಲಾಗಿ ನಿಂತವ್ರೆ. ಟೋಪಿ ತೆಗ್ದು ಕೈಯಲ್ಲಿ ಇಟ್ಕೊಂಡವ್ರೆ."

"ಯಾಕೆ?"

"ನಾನು ಬರ್ತೀನಿ ಅಂತ."

ಆ ಫೋಟೊವನ್ನು ನಾವು ಯಾರೂ ಅವಳಿಗೆ ತೋರಿಸಿರಲಿಲ್ಲ.

ರಾಜೇಂದ್ರನನ್ನು ಕರೆಸಿದೆ. ಅವನ ಮುಖ ಬಾಡಿಹೋಗಿತ್ತು. ಮಂಗಳವಾರವೇ ಒಂದು ಮೇಲ್ ಬಂದಿತ್ತಂತೆ, ಓದಿ ತಮಾಷೆ ಇರಬಹುದೆಂದು ಸುಮ್ಮನಿದ್ದನಂತೆ. ಬೆನ್ನಿಗೆ ಎರಡು ಗುದ್ದಿದೆ. ಆಮೇಲೆ ಕನ್ನಡದಲ್ಲಿ ಓದಿ ಹೇಳು ಎಂದೆ.

"ಮಾನ್ಯರೇ, ಬಟ್ಟೆಗಳು ಬಹಳ ಚೆನ್ನಾಗಿವೆ. ನಮ್ಮ ಪಟ್ಟಿಯಲ್ಲಿಲ್ಲದ ಒಂದು ಹೆಸರು ನೀವು ಕಳಿಸಿದ್ದೀರಿ. ಬಂದ ಬಟ್ಟೆಯ ಹೆಸರನ್ನೆಲ್ಲ ಕರೆಯಬೇಕೆಂಬುದು ನಮ್ಮ ನಿಯಮ, ಆದ್ದರಿಂದ ಕರೆದೆವು. ಆ ಹೆಸರಿಗೆ ನೀರಿನ ಕಡೆಯಿಂದ ಉತ್ತರ ಬಂತು. ಇದು ನಮ್ಮ ಊರಿನಲ್ಲಿ ಇದುವರೆಗೆ ಆಗಿಲ್ಲ. ಓಗೊಟ್ಟವರು ಬರುವ ತನಕ ದಿನವೂ ಕರೆಯಬೇಕೆಂದು ಹಳೆಯ ಪುಸ್ತಕದಲ್ಲಿದೆ. ಹರಾಜನ್ನು ಆ ಹೊತ್ತಿಗೆ ನಿಲ್ಲಿಸಿದ್ದೇವೆ, ಹಡಗನ್ನು ತಡೆದಿದ್ದೇವೆ. ಊರಿನವರೆಲ್ಲ ಬಹಳ ಸಂತೋಷದಲ್ಲಿದ್ದಾರೆ."

ಅಲ್ಲಿಯ ಹನ್ನೆರಡು ಗಂಟೆ ನಮಗೆ ಸಂಜೆ ಐದೂವರೆ ಎಂದು ರಾಜೇಂದ್ರ ಹೇಳಿದ. ಅನಿತ ಅಳಲಿಲ್ಲ. ನನ್ನ ಕಡೆ ನೋಡಿದಳು, ಅಷ್ಟೇ. ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನೋಡಲಿ ಅನ್ನಿಸಿತು. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

ಶುಕ್ರವಾರ ಬೆಳಗ್ಗೆ ಮೇಲ್ ಬರೆದು, ಮಧ್ಯಾಹ್ನ ವೀಡಿಯೊ ಕಾಲ್ ಮಾಡಿಸಿದೆ. ಆ ಗುಮಾಸ್ತೆ ನನ್ನ ವಯಸ್ಸಿನವಳೇ, ನರೆತ ಕೂದಲು, ಚಳಿಗೆ ಕೆಂಪಾದ ಮೂಗು, ಕೈಯಲ್ಲಿ ಟೀ ಲೋಟ. ಒಳ್ಳೆಯ ಹೆಂಗಸಿನ ಮುಖ. ಅದನ್ನು ನೋಡಿಯೇ ನನಗೆ ಹೆಚ್ಚು ಭಯವಾಯಿತು. ನಾನು ಹೇಳುವುದನ್ನು ರಾಜೇಂದ್ರ ಇಂಗ್ಲಿಷಿನಲ್ಲಿ ಹೇಳಿದ, ಅವಳು ಹೇಳುವುದನ್ನು ನನಗೆ ಹೇಳಿದ.

"ಅದು ನಮ್ಮ ಮನೆ ಮಗು. ಬದುಕಿರೋ ಮಗು. ತಪ್ಪಾಗಿ ಹೆಸರು ಹಾಕ್ಬಿಟ್ವಿ. ಕರೆಯೋದು ನಿಲ್ಲಿಸಿ ಅಂತ ಹೇಳೋ."

"ಅರ್ಥವಾಗುತ್ತೆ ಅಂತಾರೆ ದೊಡ್ಡಮ್ಮ. ಆದ್ರೆ ಅವಳು ಓಗೊಟ್ಟಾಗಿದೆ. ಯೋಚನೆ ಮಾಡ್ಬೇಡಿ ಅಂತಾರೆ. ಅವಳಿಗೆ ಒಂದು ಕೋಣೆ ರೆಡಿ ಮಾಡವ್ರಂತೆ, ಶಾಲೇಲಿ ಹೆಸರು ಬರೆಸವ್ರಂತೆ. ಉಣ್ಣೆ ಕಾಲುಚೀಲ ಹೆಣೆದಿಟ್ಟವ್ರಂತೆ."

ಗುಮಾಸ್ತೆ ಕ್ಯಾಮೆರಾ ಮುಂದೆ ಕಾಲುಚೀಲ ಹಿಡಿದು ತೋರಿಸಿದಳು. ಕೆಂಪು ಬಣ್ಣದ್ದು. ಸಿಂಚನಳ ಪಾದಕ್ಕೆ ಸರಿಯಾಗಿ ಅಳೆದ ಹಾಗಿತ್ತು.

"ಅಳತೆ ಹೇಗೆ ಗೊತ್ತಾಯ್ತು ಅಂತ ಕೇಳು."

ರಾಜೇಂದ್ರ ಕೇಳಿದ. ಉತ್ತರವನ್ನು ನಾನು ತೊಡೆ ಚಿವುಟಿದ ಮೇಲೆ ಹೇಳಿದ.

"ಕಟ್ಟೆ ಮೇಲೆ ಒದ್ದೆ ಹೆಜ್ಜೆ ಇದಾವಂತೆ. ನೀರಿನ ತುದಿಯಿಂದ ಶುರುವಾಗಿ ಊರ ಕಡೆಗೆ. ದಿನಾ ಸ್ವಲ್ಪ ಮುಂದಕ್ಕೆ ಬರ್ತಾವಂತೆ. ನಿನ್ನೆ ಅರ್ಧ ಕಟ್ಟೆ ದಾಟಿದ್ವಂತೆ."

ನಾನು ಆ ಹೆಂಗಸಿಗೆ ಬಾಯಿಗೆ ಬಂದ ಹಾಗೆ ಬೈದೆ. ಮೂದೇವಿ ಎಂದೆ, ನಿನ್ನ ಊರು ಹಾಳಾಗ ಎಂದೆ. ರಾಜೇಂದ್ರ ಅದನ್ನೆಲ್ಲ ಇಂಗ್ಲಿಷ್ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ, ಅವಳು ಟೀ ಲೋಟ ಕೆಳಗಿಟ್ಟು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ನಾನು ಅತ್ತೆ. ಆಗ ಅವಳು ಒಂದು ಮಾತು ಹೇಳಿದಳು. ಪಟ್ಟಿಗೆ ಸೇರಿದ ಜಾಗ ಖಾಲಿಯಾಗುವ ಹಾಗಿಲ್ಲ; ಆದರೆ ಅದೇ ಮನೆಯ ಬೇರೊಂದು ಹೆಸರಿನ ಬಟ್ಟೆ ಬಂದರೆ, ಪುರಸಭೆ ಒಪ್ಪಿದರೆ, ಸಿಂಚನಳ ಹೆಸರಿನ ಬಟ್ಟೆಯನ್ನು ಬಿಚ್ಚಿಹಾಕಬಹುದು. ಸಂಜೆಯೊಳಗೆ ಸಭೆ ಸೇರಿಸಿ ತಿಳಿಸಿದಳು. ಒಂಬತ್ತು ಸದಸ್ಯರಲ್ಲಿ ಐದು ಜನ ಬದಲಿ ಬಟ್ಟೆಗೆ ಕೈಯೆತ್ತಿದರಂತೆ. ಉಳಿದ ನಾಲ್ವರಿಗೆ ಮಗುವೇ ಬೇಕಿತ್ತು.

ಯಾರ ಹೆಸರು ಹಾಕುವುದು ಎಂಬ ಮಾತು ಬಂತು. ರವಿ "ನಂದು ಹಾಕು" ಎಂದ. ಅನಿತ "ನಂದು" ಎಂದಳು. ಇಬ್ಬರಿಗೂ ಬಾಯಿ ಮುಚ್ಚಿ ಎಂದೆ.

"ಬದುಕಿರೋರ ಹೆಸರು ಹಾಕಿನೇ ಇಷ್ಟಾಗಿರೋದು. ಹೋಗಿರೋರ ಹೆಸರು ಹಾಕಣ. ಅವರನ್ನ ಇನ್ನೇನು ಮಾಡೋಕಾಗುತ್ತೆ?"

"ಅಪ್ಪನ್ದಾ?" ಎಂದ ರವಿ.

ನನ್ನ ಗಂಡ ಹೋಗಿ ಹನ್ನೊಂದು ವರ್ಷ. ನಾಲ್ಕನೆಯ ಮಗ್ಗದ ಪಕ್ಕ ನಿಂತಿದ್ದ ಹಾಗೇ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಅವರ ಹೆಸರನ್ನು ನಾನು ಮದುವೆಯಾದ ಮೇಲೆ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಮಗನ ಕಡೆ ತೋರಿಸುತ್ತಿದ್ದೆ. ಆವತ್ತು ರಾಜೇಂದ್ರ ಅಕ್ಷರ ಸರಿಯಾಗಿ ಇರಲೆಂದು ಮತ್ತೆ ಕೇಳಿದಾಗ ನಾನೇ ಹೇಳಿದೆ. ಸೀನಪ್ಪ.

ಬಟ್ಟೆ ಮಾರನೆಯ ಬೆಳಗ್ಗೆಯೇ ಹೊರಟಿತು. ಮುಟ್ಟಲು ಐದು ದಿನ. ಆ ಐದು ಸಂಜೆಗಳನ್ನು ನಾನು ಮರೆಯುವ ಹಾಗಿಲ್ಲ. ಐದು ಗಂಟೆಗೇ ದೇವರ ಕೋಣೆಯಲ್ಲಿ ಸಿಂಚನಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಸೆರಗಿನಿಂದ ಇಬ್ಬರ ಸೊಂಟಕ್ಕೂ ಸೇರಿಸಿ ಗಂಟು ಹಾಕುತ್ತಿದ್ದೆ. ರವಿ ಬಾಗಿಲಿಗೆ ಅಡ್ಡ ಕೂರುತ್ತಿದ್ದ. ಐದೂವರೆಗೆ ಅವಳು "ಬಂದೆ" ಎನ್ನುತ್ತಿದ್ದಳು. ಬಾಯಿಗೆ ಕೈ ಅಡ್ಡ ಇಟ್ಟರೂ ಕೈಯೊಳಗಿಂದಲೇ ಎನ್ನುತ್ತಿದ್ದಳು. ಆಮೇಲೆ ಎಲ್ಲಿಗೂ ಓಡುತ್ತಿರಲಿಲ್ಲ, ನನ್ನ ತೊಡೆಯ ಮೇಲೇ ಇರುತ್ತಿದ್ದಳು. ಆದರೆ ಅವಳ ಕೂದಲು ಒದ್ದೆಯಾಗುತ್ತಿತ್ತು, ತುಟಿ ನೀಲಿಯಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಹಗುರವಾಗುತ್ತಿದ್ದಳು. ನಾಲ್ಕನೆಯ ದಿನ ತೊಡೆಯ ಮೇಲೆ ಒಂದು ಮಡಚಿದ ಸೀರೆ ಇಟ್ಟುಕೊಂಡ ಹಾಗಿತ್ತು. ಡಾಕ್ಟರು ತೂಕ ನೋಡಿ ಹೋದ ಸಲಕ್ಕಿಂತ ಆರು ಕೆಜಿ ಕಮ್ಮಿ ಎಂದರು, ಊಟ ಸರಿಯಾಗಿ ಕೊಡಿ ಎಂದರು. ಅನಿತ ಡಾಕ್ಟರ ಮುಂದೆಯೇ ಗೋಡೆಗೆ ಹಣೆ ಚಚ್ಚಿಕೊಂಡಳು.

ಗುರುವಾರ ಬಟ್ಟೆ ಮುಟ್ಟಿತೆಂದು ಮಧ್ಯಾಹ್ನ ಸುದ್ದಿ ಬಂತು. ಸಂಜೆ ಐದೂವರೆ ಆಯಿತು. ಐದು ಮೂವತ್ತೈದಾಯಿತು. ಸಿಂಚನ ನನ್ನ ತೊಡೆಯ ಮೇಲೆ ಕೂತು ಚಕ್ಕುಲಿ ಕಡಿಯುತ್ತಿದ್ದಳು. ಆರಕ್ಕೆ "ಅಜ್ಜಿ, ಸೆರಗು ಬಿಚ್ಚು, ಸೊಂಟ ನೋಯ್ತಾ ಇದೆ" ಎಂದಳು. ಬಿಚ್ಚಿದೆ. ಎದ್ದಾಗ ನನ್ನ ಕಾಲು ಜೋಮು ಹಿಡಿದಿತ್ತು, ಅಷ್ಟು ಭಾರವಿದ್ದಳು ನನ್ನ ಕಂದ. ನಾನು ದೇವರ ಮುಂದೆ ಅಡ್ಡಬಿದ್ದು ಜೋರಾಗಿ ಅತ್ತೆ. ಅನಿತ ಬಂದು ನನ್ನ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಭಾನುವಾರ ರಾಜೇಂದ್ರ ಬಂದು ಇನ್ನೊಂದು ಮೇಲ್ ಓದಿದ. ಪುರಸಭೆ ನಮಗೆ ವಂದನೆ ತಿಳಿಸಿತ್ತು. ಸೀನಪ್ಪನವರು ಮೊದಲನೆಯ ಕರೆಗೇ ಓಗೊಟ್ಟು ಬಂದರಂತೆ. ಬಟ್ಟೆ ತೆಗೆದುಕೊಂಡು ಮೈಗೆ ಸುತ್ತಿಕೊಂಡರಂತೆ. ಬಂದರಿನ ಪಕ್ಕದ ಹಳೆಯ ಮಗ್ಗದ ಮನೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದಾರಂತೆ. ಬಹಳ ವರ್ಷದ ಮೇಲೆ ಊರಿನಲ್ಲಿ ಮಗ್ಗದ ಸದ್ದು ಕೇಳುತ್ತಿದೆ, ಎಲ್ಲರಿಗೂ ಖುಷಿಯಾಗಿದೆ ಎಂದು ಬರೆದಿದ್ದರು.

ಜೊತೆಗೊಂದು ಫೋಟೊ ಇತ್ತು. ಕಲ್ಲಿನ ಮನೆ, ದೀಪವಿರುವ ಕಿಟಕಿ, ಕಿಟಕಿಯೊಳಗೆ ಬೆನ್ನು ಹಾಕಿ ಬಗ್ಗಿ ನಿಂತ ಗಂಡಸು. ಮುಖ ಕಾಣುತ್ತಿರಲಿಲ್ಲ. ಪಂಚೆಯನ್ನು, ನಮ್ಮ ಮನೆಯವರು ಕಟ್ಟುತ್ತಿದ್ದ ಹಾಗೇ, ಎಡಕ್ಕೆ ಎತ್ತಿ ಕಟ್ಟಿದ್ದು ಕಾಣುತ್ತಿತ್ತು. ರವಿ ಅದನ್ನು ನೋಡಿ ಎದ್ದು ಹೋದ. ನಾನು ಬಹಳ ಹೊತ್ತು ನೋಡಿದೆ. ನಾಗರಕೆರೆಯ ಏರಿ ಮೇಲೆ ನಡೆಯುವುದಕ್ಕೂ ಹೆದರುತ್ತಿದ್ದ ಮನುಷ್ಯ. ಕಾರ್ತಿಕದ ಚಳಿಗೆ ಎರಡು ಕಂಬಳಿ ಹೊದೆಯುತ್ತಿದ್ದವರು. ನೆಮ್ಮದಿಯಾಗಿ ಮಲಗಿದ್ದವರನ್ನು ಎಬ್ಬಿಸಿ ಆ ಗಾಳಿಗೆ, ಆ ನೀರಿಗೆ ಕಳಿಸಿದವಳು ನಾನು. ನನಗೆ ಸಂಕಟವಾಯಿತು. ಆದರೆ ಮತ್ತೆ ಅದೇ ಪ್ರಶ್ನೆ ಬಂದರೆ ಮತ್ತೆ ಅದೇ ಹೆಸರು ಹೇಳುತ್ತೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಂದ ಮೇಲ್ ಕೊನೆಯದು. ಗುಮಾಸ್ತೆ ಸ್ವಲ್ಪ ಮುಜುಗರದಿಂದ ಬರೆದಿದ್ದಳು. ಸೀನಪ್ಪನವರ ಕೆಲಸದ ಬಗ್ಗೆ ದೂರಿಲ್ಲ. ಆದರೆ ಅವರ ಭಾಷೆ ಬಲ್ಲವರು ಊರಿನಲ್ಲಿ ಯಾರೂ ಇಲ್ಲ, ಅವರು ಯಾರ ಜೊತೆಯೂ ಮಾತಾಡುವುದಿಲ್ಲ. ದಿನವೂ ಹನ್ನೆರಡಕ್ಕೆ ಮಗ್ಗ ನಿಲ್ಲಿಸಿ, ಕಟ್ಟೆಯ ತುದಿಗೆ ಹೋಗಿ, ಯಾವುದೋ ಹೆಸರು ಕೂಗುತ್ತಾರೆ. ಅದು ಪಟ್ಟಿಯಲ್ಲಿಲ್ಲ, ಅದಕ್ಕೆ ಬಟ್ಟೆಯೂ ಇಲ್ಲ. ಪುರಸಭೆಯಲ್ಲಿ ಚರ್ಚೆಯಾಯಿತು. ಕಟ್ಟೆ ಊರಿನವರೆಲ್ಲರದು, ಅವರನ್ನು ತಡೆಯಲು ನಮಗೆ ಅಧಿಕಾರವಿಲ್ಲ.

ಅವಳು ತಿಳಿಸುವ ಅಗತ್ಯವಿರಲಿಲ್ಲ. ನನಗೆ ಒಂದು ವಾರದಿಂದ ಕೇಳುತ್ತಿತ್ತು. ಆರು ಮಗ್ಗಗಳ ಸದ್ದಿನ ಮೇಲೆ, ಕಿವಿಯ ಪಕ್ಕ ನಿಂತು ಹೇಳಿದಷ್ಟು ಸ್ಪಷ್ಟವಾಗಿ, ವರಲಕ್ಷ್ಮಿ ಎಂದು. ಬದುಕಿದ್ದಾಗ ಆ ಮನುಷ್ಯ ಒಂದು ದಿನವೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಏ ಇವಳೇ, ಲೇ, ರವಿ ಅಮ್ಮ, ಇಷ್ಟೇ. ನನ್ನ ಹೆಸರು ಅವರ ಬಾಯಲ್ಲಿ ಹೀಗೆ ಕೇಳುತ್ತದೆ ಅಂತ ನನಗೆ ಅರುವತ್ತನೆಯ ವಯಸ್ಸಿಗೆ ಗೊತ್ತಾಯಿತು.

ಓಗೊಡಬೇಕು ಅಂತ ಬಹಳ ಆಸೆಯಾಗುತ್ತಿತ್ತು. ಓಗೊಟ್ಟರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡೆ. ಐದೂವರೆಗೆ ಮಿಕ್ಸಿ ಹಾಕಿದೆ, ಟಿವಿ ಹಾಕಿದೆ. ಹನ್ನೊಂದು ವರ್ಷ ಒಬ್ಬಳೇ ಬಾಳಿದವಳು ನಾನು, ಇನ್ನು ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತೇನೆ ಅಂದುಕೊಂಡೆ. ಮಗುವಿನ ಮದುವೆ ನೋಡಬೇಕಿತ್ತು. ಅನಿತಳಿಗೆ ಬೈಯುವುದು ಇನ್ನೂ ಬಾಕಿ ಇತ್ತು. ಹದಿನೇಳು ದಿನ ಹಾಗೇ ತಡೆದೆ.

ಇವತ್ತು ಸಂಜೆ ಸಿಂಚನ ನನ್ನ ಎದುರು ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಮತ್ತೆ ಮೈತುಂಬಿಕೊಂಡು ಕೆನ್ನೆ ಗುಂಡಗಾಗಿದೆ. ಕರೆ ಬಂತು. ನಾನು ತಲೆ ತಗ್ಗಿಸಿ ಬತ್ತಿ ಹೊಸೆಯುತ್ತಲೇ ಇದ್ದೆ. ಎರಡನೆಯ ಸಲ ಬಂತು, ದನಿ ಒಡೆದಿತ್ತು. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಅಜ್ಜಿ, ತಾತ ಅಷ್ಟೊತ್ತಿಂದ ಕರೀತಾವ್ರೆ."

ಅವಳು ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ಹೋದವರು. ಅವರ ದನಿ ಅವಳು ಕೇಳಿದವಳಲ್ಲ.

"ಸುಮ್ನೆ ಬರಿ ನೀನು."

"ಪಾಪ ಗಂಟಲು ಕಟ್ಟೋಗದೆ. ನೀನು ಓಗೊಡಲ್ವಾ? ನಾನೇ ಹೇಳ್ಲಾ?"

ಹೇಳುವುದಕ್ಕೆಂದು ಬಾಯಿ ತೆರೆದಳು. ಬತ್ತಿಯ ತಟ್ಟೆ ಉರುಳಿತು. ನಾನು ಅವಳ ಬಾಯಿಯ ಮೇಲೆ ಕೈ ಇಟ್ಟು, ಮಗ್ಗದ ಸದ್ದನ್ನೂ ಮೀರಿ ಕೇಳುವ ಹಾಗೆ, "ಬಂದೆ ಕಣ್ರೀ" ಎಂದೆ.

ಸಿಂಚನ ಒಂದು ಗಳಿಗೆ ಕಿವಿಗೊಟ್ಟು ಕೇಳಿದಳು. ಮೂರನೆಯ ಕರೆ ಬರಲಿಲ್ಲ. ಆಮೇಲೆ ನನ್ನ ಕೈ ಸರಿಸಿ, ಪೆನ್ಸಿಲ್ ಎತ್ತಿಕೊಂಡು ಬರೆಯಲು ಶುರುಮಾಡಿದಳು.